ಪ್ರನಾಳ ಶಿಶು

ಹಂಪೆಯಲ್ಲಿ ತುಂಗಭದ್ರೆಯ ದಡದ ಮರಗಳಿಗೆ ಬಟ್ಟೆಯ ಪುಟ್ಟ ಗಂಟುಗಳನ್ನು ಕಟ್ಟಿ ಸಂತಾನವನ್ನು ಬೇಡಿಕೊಳ್ಳುವ ರೂಢಿಯುಂಟು. ಹೊಸಪೇಟೆ, ಸಂಡೂರು, ಕಂಪ್ಲಿ, ಎಲ್ಲಿಯೇ ಆಗಲಿ, ಮಕ್ಕಳಿಲ್ಲದ ಮನೆಯಲ್ಲಿ ನಿಂದೆಯನ್ನು ಹೊರುವವಳು ಹೆಣ್ಣು. ಕೊರತೆಯು ಗಂಡಸಿನಲ್ಲಿಯೂ ಅಷ್ಟೇ ಸಾಮಾನ್ಯವೆಂಬುದನ್ನು ವೈದ್ಯವಿಜ್ಞಾನವು ತೋರಿಸಿಕೊಟ್ಟಿದೆ.

ಸ್ತ್ರೀಯ ಅಂಡಾಣುವನ್ನು ಹೊರತೆಗೆದು, ಪುರುಷನ ವೀರ್ಯಾಣುವಿನೊಡನೆ ಕೂಡಿಸಿ, ಮೂಡಿದ ಭ್ರೂಣವನ್ನು ಮರಳಿ ಗರ್ಭಾಶಯದಲ್ಲಿರಿಸುವ ವಿಧಾನದಿಂದ ಜನಿಸಿದ ಕೂಸೇ ಪ್ರನಾಳ ಶಿಶು. ಹೆಸರು ಹಾಗಿದ್ದರೂ ಈ ಮಿಲನ ನಡೆಯುವುದು ಸಾಮಾನ್ಯವಾಗಿ ಪ್ರನಾಳದಲ್ಲಲ್ಲ, ಚಪ್ಪಟೆಯಾದ ತಟ್ಟೆಯಲ್ಲಿ!

1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಜನಿಸಿದಳು. ಜಗತ್ತು ಆ ಒಂದು ಶಿಶುವನ್ನು ಕಂಡಿತು. ಅದರ ಹಿಂದಿನ ಸೋಲುಗಳನ್ನು ಕಾಣಲಿಲ್ಲ. ಎಡ್ವರ್ಡ್ಸ್, ಸ್ಟೆಪ್ಟೋ ಮತ್ತು ಜೀನ್ ಪರ್ಡಿ ಅವರ ಪ್ರಯೋಗಗಳಿಗೆ 1969ರಿಂದ 1978ರವರೆಗೆ 282 ಸ್ತ್ರೀಯರು ಒಳಗಾಗಿದ್ದರು. ಉಳಿದು ಬಂದ ಶಿಶುಗಳು ಎರಡೇ.

ಅದೇ ವರ್ಷದ ಅಕ್ಟೋಬರ್ 3ರಂದು ಕಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಒಂದು ಹೆಣ್ಣುಮಗು ಜನಿಸಿತು. ಅವರು ಭ್ರೂಣವನ್ನು ಶೈತ್ಯದಲ್ಲಿ 53 ದಿನ ಕಾಪಾಡಿ ಬಳಸಿದ್ದರು. ಸರ್ಕಾರದ ಸಮಿತಿಯು ಅದನ್ನು ನಂಬಲಿಲ್ಲ. 1981ರಲ್ಲಿ ಅವರು ಅಕಾಲ ಮರಣಕ್ಕೀಡಾದರು. 1986ರಲ್ಲಿ ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಅವರೊಡನೆ ಯಶಸ್ಸು ಕಂಡು, ದೇಶದ ಮೊದಲ ಪ್ರನಾಳ ಶಿಶುವಿನ ಕೀರ್ತಿಗೆ ಪಾತ್ರರಾಗಿದ್ದವರು ವಿಜ್ಞಾನಿ ಟಿ. ಸಿ. ಆನಂದಕುಮಾರ್. ಅವರೇ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಪರಿಶೀಲಿಸಿ, ಆ ಕೀರ್ತಿ ತನಗಲ್ಲ, ಅವರಿಗೆ ಸಲ್ಲತಕ್ಕದ್ದೆಂದು ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1997ರಲ್ಲಿ ಬರೆದರು. ಇಂತಹ ಔದಾರ್ಯ ವಿಜ್ಞಾನದ ಚರಿತ್ರೆಯಲ್ಲಿ ಅಪರೂಪ.

ಅನಂತರ ವಿಧಾನವು ಸುಧಾರಿಸಿತು. ಅಂಡಾಣುವನ್ನು ತೆಗೆಯಲು ಶ್ರವಣಾತೀತ ಧ್ವನಿಯ ನೆರವು ದೊರೆಯಿತು. ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಕ್ಕೆ ಸೇರಿಸುವ ಕ್ರಮ 1992ರಲ್ಲಿ ಬ್ರಸೆಲ್ಸಿನಿಂದ ಪ್ರಕಟವಾಯಿತು. ಬ್ರಿಟನ್ನಿನಲ್ಲಿ 1990ರ ದಶಕದ ಆರಂಭದಲ್ಲಿ ಗರ್ಭದಲ್ಲಿರಿಸಿದ ನೂರು ಭ್ರೂಣಗಳಲ್ಲಿ ಹತ್ತೂ ಶಿಶುಗಳಾಗುತ್ತಿರಲಿಲ್ಲ. ಇಂದು 35 ವರ್ಷದೊಳಗಿನ ಸ್ತ್ರೀಯರಲ್ಲಿ ಸುಮಾರು ಮೂರರಲ್ಲಿ ಒಂದು ಫಲಿಸುತ್ತದೆ. ಆದರೆ ತಮ್ಮದೇ ಅಂಡಾಣುವನ್ನು ಬಳಸುವ, 43 ದಾಟಿದ ಸ್ತ್ರೀಯರಲ್ಲಿ ನೂರಕ್ಕೆ ಐದರ ಆಸುಪಾಸು. ವಯಸ್ಸಿನೊಡನೆ ಅಂಡಾಣುವಿನ ಗುಣ ಕುಂದುವುದೇ ಇದಕ್ಕೆ ಕಾರಣ.

ಆದ್ದರಿಂದ ‘ನೂರಕ್ಕೆ ಇಷ್ಟು’ ಎಂಬ ಮಾತನ್ನು ಕೇಳಿದಾಗ, ಯಾವ ನೂರು ಎಂದು ವಿಚಾರಿಸಬೇಕು. ಚಿಕಿತ್ಸೆಗೆ ತೊಡಗಿದವರೇ, ಭ್ರೂಣವನ್ನಿರಿಸುವ ಹಂತ ತಲುಪಿದವರೇ? ಎಣಿಸಿದ್ದು ಗರ್ಭಧಾರಣೆಯನ್ನೇ, ಹೆರಿಗೆಯನ್ನೇ? ಗರ್ಭ ನಿಂತರೂ ಕೆಲವು ಇಳಿದುಹೋಗುವುದರಿಂದ ಮೊದಲನೆಯ ಸಂಖ್ಯೆ ಯಾವಾಗಲೂ ದೊಡ್ಡದು. ಹೊಲವನ್ನು ಒತ್ತೆಯಿಟ್ಟು ಚಿಕಿತ್ಸೆಗೆ ಹೊರಟ ದಂಪತಿಗಳಿಗೆ ಬೇಕಾದದ್ದು ಎರಡನೆಯದು.