ತಂತ್ರಾಂಶ ಎಂಜಿನಿಯರಿಂಗ್‌ನಲ್ಲಿ ಸಂಪ್ರಬಂಧಾಧಾರಿತ ಸ್ನಾತಕೋತ್ತರ ಪದವಿ: ಪೂರೈಸಬೇಕಾದ ನಿಯಮಗಳು ಮತ್ತು ಉಳಿಸಬೇಕಾದ ದಾಖಲೆಗಳು

ಕಲಬುರಗಿ ನಗರದ ಕುಸನೂರ ರಸ್ತೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾದೇಶಿಕ ಕಚೇರಿಯಿದೆ. ಈ ಭಾಗದ ತಾಂತ್ರಿಕ ಶಿಕ್ಷಣದ ಚರಿತ್ರೆಯನ್ನು ಮೂರು ಘಟ್ಟಗಳಲ್ಲಿ ಗುರುತಿಸಬಹುದು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಇಲ್ಲಿ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜನ್ನು ಆರಂಭಿಸಿತು. 1970ರಿಂದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ವಿದ್ಯಾಸಂಸ್ಥೆಯು 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯವಾಯಿತು. 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಗೊಂಡ ಮೇಲೆ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. ಈ ವ್ಯವಸ್ಥೆಯಲ್ಲಿ ಸಂಪ್ರಬಂಧದ ಮೂಲಕ ಸ್ನಾತಕೋತ್ತರ ಪದವಿ ಪಡೆಯುವ ಅಭ್ಯರ್ಥಿಯಿಂದ ಏನನ್ನು ನಿರೀಕ್ಷಿಸಲಾಗುತ್ತದೆ, ಆತನ ಶ್ರಮದಲ್ಲಿ ಮುಂದಿನವರಿಗೆ ಉಳಿಯುವುದೇನು ಎಂಬ ಎರಡು ಪ್ರಶ್ನೆಗಳನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

ಎರಡು ಮಾರ್ಗಗಳು

ತಂತ್ರಾಂಶ ಎಂಜಿನಿಯರಿಂಗ್ ಹೆಚ್ಚು ಹಳೆಯ ಶಾಸ್ತ್ರವಲ್ಲ. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನ್ಯಾಟೋ ಆಶ್ರಯದಲ್ಲಿ ನಡೆದ ಸಮ್ಮೇಳನದಿಂದ ಈ ಹೆಸರು ವ್ಯಾಪಕ ಬಳಕೆಗೆ ಬಂದಿತು. ಕರ್ನಾಟಕದಲ್ಲಿ ಈ ವಿಷಯದ ಸ್ನಾತಕೋತ್ತರ ಅಧ್ಯಯನಕ್ಕೆ ಎರಡು ಮಾರ್ಗಗಳಿವೆ. ಮೊದಲನೆಯದು ಪಠ್ಯವಿಷಯಗಳನ್ನೂ ಸಂಪ್ರಬಂಧವನ್ನೂ ಒಳಗೊಂಡ, ನಾಲ್ಕು ಸೆಮಿಸ್ಟರುಗಳ ಎಂ.ಟೆಕ್. ಎರಡನೆಯದು ಸಂಶೋಧನೆಯೇ ಪ್ರಧಾನವಾದ ಪದವಿ. ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧನಾಧಾರಿತ ಎಂ.ಎಸ್ಸಿ. (ಎಂಜಿನಿಯರಿಂಗ್) ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಟೆಕ್. (ರಿಸರ್ಚ್) ಈ ವರ್ಗಕ್ಕೆ ಸೇರುತ್ತವೆ.

ಮೊದಲ ಮಾರ್ಗದಲ್ಲಿಯೂ ಸಂಪ್ರಬಂಧದ ಪಾಲು ಅಲ್ಪವಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2018ರಲ್ಲಿ ಪ್ರಕಟಿಸಿದ ಮಾದರಿ ಪಠ್ಯಕ್ರಮದಲ್ಲಿ ಒಟ್ಟು 68 ಕ್ರೆಡಿಟ್‌ಗಳಿದ್ದು, ಸಂಪ್ರಬಂಧದ ಮೊದಲ ಹಂತಕ್ಕೆ 10, ಎರಡನೆಯ ಹಂತಕ್ಕೆ 16 ಕ್ರೆಡಿಟ್‌ಗಳನ್ನು ನಿಗದಿಪಡಿಸಲಾಗಿದೆ. ಅಂದರೆ ಪದವಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಭಾರವು ಈ ಒಂದು ಕಾರ್ಯದ ಮೇಲಿದೆ.

ಹಂತಗಳು

ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ವಿವರಗಳು ಬೇರೆಯಾದರೂ ಕ್ರಮವು ಬಹುಮಟ್ಟಿಗೆ ಸಮಾನವಾಗಿದೆ. ಅಭ್ಯರ್ಥಿಯು ನಿಗದಿತ ಪಠ್ಯವಿಷಯಗಳಲ್ಲಿ ಉತ್ತೀರ್ಣನಾಗಬೇಕು. ಮಾರ್ಗದರ್ಶಕರ ಒಪ್ಪಿಗೆಯೊಂದಿಗೆ ವಿಷಯವನ್ನು ಆಯ್ದು ಸಾರಲೇಖವನ್ನು ಸಲ್ಲಿಸಬೇಕು. ಹಿಂದಿನ ಅಧ್ಯಯನಗಳನ್ನು ಸಮೀಕ್ಷಿಸಬೇಕು. ನಡುನಡುವೆ ವಿಭಾಗದ ಸಮಿತಿಯ ಮುಂದೆ ಪ್ರಗತಿಯನ್ನು ಮಂಡಿಸಬೇಕು. ಕೊನೆಯಲ್ಲಿ ಸಂಪ್ರಬಂಧವನ್ನು ಒಪ್ಪಿಸಿ, ಬಾಹ್ಯ ಪರೀಕ್ಷಕರೂ ಇರುವ ಮೌಖಿಕ ಪರೀಕ್ಷೆಯಲ್ಲಿ ಅದನ್ನು ಸಮರ್ಥಿಸಬೇಕು.

ಈ ಹಂತಗಳನ್ನೆಲ್ಲ ದಾಟಿದರೂ ಕೆಲವು ಸಂಪ್ರಬಂಧಗಳು ದುರ್ಬಲವಾಗಿ ಉಳಿಯುವುದಕ್ಕೆ ಮುಖ್ಯ ಕಾರಣವೊಂದಿದೆ. ಕೆಲಸ ಮಾಡುವ ತಂತ್ರಾಂಶವೊಂದನ್ನು ರಚಿಸಿದರೆ ಸಂಪ್ರಬಂಧವಾಯಿತೆಂಬ ಭಾವನೆಯೇ ಅದು. ತಂತ್ರಾಂಶವು ಸಾಧನ, ಸಂಪ್ರಬಂಧವು ವಾದ. ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು.

ಯೂನಿಕೋಡ್ ಬಳಕೆ ವ್ಯಾಪಕವಾಗುವುದಕ್ಕೆ ಮುನ್ನ ಕನ್ನಡದ ಅಪಾರ ಬರಹ ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾಯಿತು. ಅದನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವತ್ತಿನ ತೊಡಕು ಎದುರಾಗುತ್ತದೆ. ‘ಸೂರ್ಯ’ ಎಂಬ ಪದದಲ್ಲಿ ರೇಫದ ಚಿಹ್ನೆಯು ಬರಹದಲ್ಲಿ ಯಕಾರದ ನಂತರ ಕಾಣುತ್ತದೆ, ಉಚ್ಚಾರದಲ್ಲಿ ಅದಕ್ಕೆ ಮುಂಚೆ ಬರುತ್ತದೆ. ಹಳೆಯ ವಿನ್ಯಾಸಗಳು ಬರಹದ ಕ್ರಮವನ್ನು ಅನುಸರಿಸುತ್ತವೆ. ಯೂನಿಕೋಡ್ ಉಚ್ಚಾರದ ಕ್ರಮವನ್ನು ಅನುಸರಿಸುತ್ತದೆ. ಆದ್ದರಿಂದ ಪರಿವರ್ತಕವು ಅಕ್ಷರಗಳ ಸ್ಥಾನವನ್ನು ಬದಲಿಸಬೇಕಾಗುತ್ತದೆ. ಇಂತಹ ಪರಿವರ್ತಕವೊಂದನ್ನು ರಚಿಸಿದ ವಿದ್ಯಾರ್ಥಿಯು ಉಪಯುಕ್ತ ಕೆಲಸ ಮಾಡಿರುತ್ತಾನೆ, ಆದರೆ ಸಂಪ್ರಬಂಧವನ್ನು ಇನ್ನೂ ಬರೆದಿರುವುದಿಲ್ಲ. ಯಾವ ಅಕ್ಷರಸಂಯೋಗಗಳಲ್ಲಿ ದೋಷಗಳು ಹೆಚ್ಚು, ಎರಡು ವಿಧಾನಗಳಲ್ಲಿ ಯಾವುದು ಎಷ್ಟರಮಟ್ಟಿಗೆ ಮೇಲು, ಪರೀಕ್ಷೆಗೆ ಆಯ್ದ ಪಠ್ಯವು ಕನ್ನಡ ಬರಹವನ್ನು ನಿಜವಾಗಿ ಪ್ರತಿನಿಧಿಸುತ್ತದೆಯೇ ಎಂಬ ಪ್ರಶ್ನೆಗಳಿಗೆ ಅಳತೆಯೊಂದಿಗೆ ಉತ್ತರ ನೀಡಿದಾಗ ಮಾತ್ರ ಅದು ಸಂಶೋಧನೆಯೆನಿಸುತ್ತದೆ. ತನ್ನ ವಿಧಾನವು ಎಲ್ಲಿ ಸೋಲುತ್ತದೆಂಬುದನ್ನು ತಾನೇ ಹೇಳುವ ಅಧ್ಯಾಯವೂ ಅದರಲ್ಲಿರಬೇಕು.

ಸ್ವಂತಿಕೆಯ ಪರೀಕ್ಷೆ

ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ಕೃತಿಚೌರ್ಯ ತಡೆ ನಿಯಮಾವಳಿಯು ಸ್ನಾತಕೋತ್ತರ ಸಂಪ್ರಬಂಧಗಳಿಗೂ ಅನ್ವಯಿಸುತ್ತದೆ. ಅದರಂತೆ ಶೇ. 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ. ಶೇ. 10ಕ್ಕಿಂತ ಹೆಚ್ಚಾಗಿ ಶೇ. 40ರವರೆಗೆ ಇದ್ದರೆ ಆರು ತಿಂಗಳನ್ನು ಮೀರದ ಅವಧಿಯಲ್ಲಿ ಪರಿಷ್ಕೃತ ಪ್ರತಿಯನ್ನು ಸಲ್ಲಿಸಬೇಕು. ಶೇ. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಪರಿಷ್ಕೃತ ಪ್ರತಿಯ ಸಲ್ಲಿಕೆಗೆ ಅವಕಾಶವಿಲ್ಲ. ಶೇ. 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ.

ಈ ಪರೀಕ್ಷೆಯು ಮುಖ್ಯವಾಗಿ ಗದ್ಯಕ್ಕೆ ಸಂಬಂಧಿಸಿದ್ದು. ತಂತ್ರಾಂಶದ ಸೋರ್ಸ್ ಕೋಡ್ ಅನೇಕ ವೇಳೆ ಇದರ ಕಣ್ಣಿಗೆ ಬೀಳುವುದಿಲ್ಲ. ಕೋಡ್‌ಗಳ ಸಾಮ್ಯವನ್ನು ಗುರುತಿಸಲು 1994ರಲ್ಲಿ ರೂಪುಗೊಂಡ ‘ಮಾಸ್’ನಂತಹ ಸಾಧನಗಳಿದ್ದರೂ, ಯಾವ ಭಾಗ ತನ್ನದು, ಯಾವುದು ಮುಕ್ತ ಆಕರಗಳಿಂದ ಬಂದದ್ದು, ಅದರ ಪರವಾನಗಿಯ ಷರತ್ತೇನು ಎಂಬುದನ್ನು ಅಭ್ಯರ್ಥಿಯೇ ಪ್ರಾಮಾಣಿಕವಾಗಿ ನಮೂದಿಸಬೇಕು.

ಗ್ರಂಥಾಲಯಗಳ ಹೊಣೆ

ಆಯೋಗದ 2009ರ ನಿಯಮಾವಳಿಯು ಪಿಎಚ್.ಡಿ. ಹಾಗೂ ಆಗ ಜಾರಿಯಲ್ಲಿದ್ದ ಎಂ.ಫಿಲ್. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವ ಕಟ್ಟಳೆಯನ್ನು ವಿಧಿಸಿತು. ಇನ್‌ಫ್ಲಿಬ್‌ನೆಟ್‌ನ ‘ಶೋಧಗಂಗಾ’ ಭಂಡಾರವು ಹೀಗೆ ಬೆಳೆಯಿತು. ಎಂ.ಟೆಕ್. ಸಂಪ್ರಬಂಧಗಳು ಈ ಕಟ್ಟಳೆಯ ಹೊರಗುಳಿದವು. ಅವು ಸಾಮಾನ್ಯವಾಗಿ ವಿಭಾಗದ ಕಪಾಟಿನಲ್ಲಿ ರಟ್ಟು ಕಟ್ಟಿದ ಪ್ರತಿಗಳಾಗಿ ಉಳಿಯುತ್ತವೆ. ಜೊತೆಗಿಟ್ಟ ಸಿ.ಡಿ. ಕೆಲವು ವರ್ಷಗಳಲ್ಲಿ ಓದಲಾಗದ ಸ್ಥಿತಿಗೆ ಬರಬಹುದು. ಓದಲು ಬಂದರೂ ಕೋಡನ್ನು ನಡೆಸಲು ಬೇಕಾದ ಆವೃತ್ತಿಗಳ ಮಾಹಿತಿ ಇಲ್ಲದಿದ್ದರೆ ಅದು ನಿರುಪಯುಕ್ತವೇ ಸರಿ.

ಪರಿಣಾಮವಾಗಿ ಒಂದೇ ಪ್ರಶ್ನೆಯನ್ನು ಹೊಸ ತಂಡವು ಮೊದಲಿನಿಂದ ಎತ್ತಿಕೊಳ್ಳಬೇಕಾಗುತ್ತದೆ. ಹಿಂದಿನ ಫಲಿತಾಂಶವನ್ನು ಪರೀಕ್ಷಿಸಿ ನೋಡುವ ಮಾರ್ಗವೂ ಮುಚ್ಚುತ್ತದೆ. ಪರೀಕ್ಷಿಸಲು ಬಾರದ ಫಲಿತಾಂಶವನ್ನು ಶಾಸ್ತ್ರವು ಒಪ್ಪುವುದಿಲ್ಲ. ಆದ್ದರಿಂದ ಸಂಪ್ರಬಂಧವನ್ನು ಸ್ವೀಕರಿಸುವ ಗ್ರಂಥಾಲಯವು ಮುದ್ರಿತ ಪ್ರತಿಯೊಂದಿಗೆ ಸೋರ್ಸ್ ಕೋಡ್, ಪರೀಕ್ಷೆಗೆ ಬಳಸಿದ ದತ್ತಾಂಶ, ಬಳಸಿದ ಸಾಧನಗಳ ಆವೃತ್ತಿಗಳ ಪಟ್ಟಿ, ನಡೆಸುವ ಕ್ರಮದ ಟಿಪ್ಪಣಿ ಮತ್ತು ಪರವಾನಗಿ ಪತ್ರ ಈ ಐದನ್ನೂ ಪಡೆದು ತನ್ನ ಭಂಡಾರದಲ್ಲಿ ಇರಿಸುವುದು ಅವಶ್ಯ. ಕನ್ನಡದಲ್ಲಿ ಒಂದು ಪುಟದ ಸಾರಾಂಶವನ್ನೂ ಪಡೆದರೆ ಭಾಷಾ ವಿದ್ವಾಂಸರಿಗೂ ಆ ಕೆಲಸದ ಪರಿಚಯವಾಗುತ್ತದೆ. ಮೌಖಿಕ ಪರೀಕ್ಷೆಯೊಂದಿಗೆ ವಿದ್ಯಾರ್ಥಿಯ ಪದವಿ ಪೂರ್ಣಗೊಳ್ಳಬಹುದು. ಆತನ ವಾದವನ್ನು ಇನ್ನೊಬ್ಬರು ಮರಳಿ ಪರೀಕ್ಷಿಸುವಂತಾದಾಗಲೇ ಸಂಶೋಧನೆ ಪೂರ್ಣಗೊಳ್ಳುತ್ತದೆ.