ಭಯ ಮುಗಿಯದಿದ್ದಾಗ ಪಾಠ ತಲೆಗೆ ಹತ್ತುವುದು ಹೇಗೆ?



ಮಾತೃಭಾಷಾ ಶಿಕ್ಷಕಿಯಾಗಿ ನಾನು ವಾರಕ್ಕೆ ನಾಲ್ಕೈದು ಶಾಲೆ ಸುತ್ತುತ್ತೇನೆ. ನಮ್ಮ ಮಕ್ಕಳಿಗೆ ಕನ್ನಡ ಕಲಿಸುವುದು ನನ್ನ ಕೆಲಸ. ಅದೇ ಶಾಲೆಗಳಲ್ಲಿ ಸಿರಿಯಾ, ಅಫ್ಘಾನಿಸ್ತಾನ, ಯುಕ್ರೇನ್‌ಗಳಿಂದ ಬಂದ ಮಕ್ಕಳೂ ಓದುತ್ತಾರೆ. "ನಮ್ಮ ಕ್ಲಾಸಲ್ಲಿ ಒಬ್ಬ ಹುಡುಗ ದಿನವಿಡೀ ಡೆಸ್ಕಿನ ಮೇಲೆ ತಲೆ ಇಟ್ಟು ಮಲಗಿರ್ತಾನೆ, ಟೀಚರ್ ಯಾಕೆ ಬೈಯಲ್ಲ?" ಎಂದು ಮಗಳು ಕೇಳಿದಳೆಂದು ತಾಯಿಯೊಬ್ಬರು ಹೇಳಿದರು. ಆ ಪ್ರಶ್ನೆಗೆ ಉತ್ತರ ಕೊಡುವ ಪ್ರಯತ್ನ ಇದು.

'ನಂತರ' ಎಂಬುದೇ ಇಲ್ಲದ ಆಘಾತ

ಪಿಟಿಎಸ್‌ಡಿ ಎಂಬ ಹೆಸರು ನೀವು ಕೇಳಿರುತ್ತೀರಿ. ಆಘಾತದ ನಂತರ ಉಳಿಯುವ ಒತ್ತಡ ಅದು. ಘಟನೆ ಮುಗಿದಿದೆ, ನೆನಪು ಕಾಡುತ್ತಿದೆ. ಆದರೆ ಅಪಾಯವೇ ಮುಗಿಯದಿದ್ದರೆ? ವರ್ಣಭೇದದ ಕಾಲದ ದಕ್ಷಿಣ ಆಫ್ರಿಕಾದಲ್ಲಿ ಮನಶ್ಶಾಸ್ತ್ರಜ್ಞೆ ಗಿಲಿಯನ್ ಸ್ಟ್ರೇಕರ್ ಮತ್ತು ಸಂಗಡಿಗರು 1987ರಲ್ಲಿ ಈ ಪ್ರಶ್ನೆ ಎತ್ತಿದರು. ಅವರ ಬಳಿ ಸಲಹೆಗೆ ಬರುತ್ತಿದ್ದವರು ಬಾಗಿಲು ದಾಟಿದೊಡನೆ ಮತ್ತೆ ಅದೇ ಹಿಂಸೆಯ ಬೀದಿಗೆ ಇಳಿಯಬೇಕಿತ್ತು. ಇದಕ್ಕೆ ನಿರಂತರ ಆಘಾತದ ಒತ್ತಡ ಎಂಬ ಹೆಸರು ಬಂತು.

ಇಂಥ ಮಗುವಿನ ಮನಸ್ಸು ಪಾಳಿ ಮುಗಿಯದ ಕಾವಲುಗಾರನಂತೆ. ಮೈ ಸದಾ ಎಚ್ಚರದಲ್ಲಿರುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ, ಹಗಲು ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ನೋಡುವವರಿಗೆ ಅದು ಸೋಮಾರಿತನವಾಗಿಯೋ ಸಿಡುಕಾಗಿಯೋ ಕಾಣುತ್ತದೆ.

ಸ್ವೀಡನ್ ಕಂಡದ್ದು

2003ರಿಂದ 2005ರ ನಡುವೆ ಇಲ್ಲಿ ಆಶ್ರಯ ಕೋರಿದ್ದ ಕುಟುಂಬಗಳ 400ಕ್ಕೂ ಹೆಚ್ಚು ಮಕ್ಕಳು ಒಬ್ಬೊಬ್ಬರಾಗಿ ಮಾತು, ಊಟ, ನಡಿಗೆ ಎಲ್ಲ ಬಿಟ್ಟು ಹಾಸಿಗೆ ಹಿಡಿದರು. ಮೂಗಿನ ನಳಿಕೆಯ ಮೂಲಕ ಆಹಾರ ಕೊಡಬೇಕಾಯಿತು. ಹೆಚ್ಚಿನವರು ಹಿಂದಿನ ಸೋವಿಯತ್ ಒಕ್ಕೂಟ ಮತ್ತು ಯುಗೊಸ್ಲಾವಿಯಾದ ನಾಡುಗಳಿಂದ ಬಂದವರು. 2014ರಲ್ಲಿ ಸ್ವೀಡನ್ ಇದಕ್ಕೆ 'ಉಪ್‌ಯೀವೆನ್‌ಹೇತ್ಸ್‌ಸಿಂಡ್ರೋಮ್' ಎಂಬ ಅಧಿಕೃತ ಹೆಸರು ಕೊಟ್ಟಿತು. ಎಲ್ಲ ಆಸೆ ಕೈಬಿಟ್ಟ ಸ್ಥಿತಿ ಎಂದು ಅರ್ಥ. ಕುಟುಂಬಕ್ಕೆ ಇಲ್ಲೇ ಇರುವ ಅನುಮತಿ ಸಿಕ್ಕಮೇಲೆ, ತಿಂಗಳುಗಟ್ಟಲೆ ಕಾಲ ಹಿಡಿದರೂ, ಎಷ್ಟೋ ಮಕ್ಕಳು ಚೇತರಿಸಿಕೊಂಡದ್ದನ್ನು ವೈದ್ಯರು ಗಮನಿಸಿದರು.

ಕಾರಣದ ಬಗ್ಗೆ ವಾದ ಇಂದಿಗೂ ಇದೆ. ತಂದೆತಾಯಿಯ ಒತ್ತಾಯಕ್ಕೆ ನಟಿಸಿದ್ದೆವು ಎಂದು ದೊಡ್ಡವರಾದ ಇಬ್ಬರು 2019ರಲ್ಲಿ ಹೇಳಿದ್ದೂ ಉಂಟು. ಹಾಗೆಂದು ಎಲ್ಲ ಮಕ್ಕಳನ್ನೂ ಅನುಮಾನಿಸುವುದು ಅನ್ಯಾಯ.

2015ರಲ್ಲಿ ಆಶ್ರಯ ಕೋರಿ ಬಂದವರು 1,62,877 ಮಂದಿ. ಅವರಲ್ಲಿ 35,369 ಮಕ್ಕಳು ತಂದೆತಾಯಿ ಜೊತೆಗಿಲ್ಲದೆ ಬಂದವರು. ಇಂಥ ಯುವಕರಲ್ಲಿ ಕೆಲವರಿಗೆ ಹೈಸ್ಕೂಲಿನ ಮೇಲಿನ ಓದು ಮುಗಿಸುವವರೆಗೆ ಇರಲು 2018ರ ಕಾನೂನು ಅವಕಾಶ ಕೊಟ್ಟಿತು. ಓದು ಮುಗಿದ ಮೇಲೆ, ಆಗಿನ ನಿಯಮದಂತೆ, ಆರು ತಿಂಗಳಲ್ಲಿ ಎರಡು ವರ್ಷವಾದರೂ ಇರುವಂಥ ಕೆಲಸ ಹುಡುಕಿಕೊಳ್ಳಬೇಕಿತ್ತು. ಪರೀಕ್ಷೆಯ ಭಯ ನಮ್ಮ ಮಕ್ಕಳಿಗೂ ಇದೆ. ಆದರೆ ನಪಾಸಾದರೆ ದೇಶವೇ ಬಿಡಬೇಕು ಎಂಬ ಭಯದಲ್ಲಿ ಓದುವುದು ಬೇರೆಯೇ ಮಾತು.

ನಮಗೂ ದೂರದ ವಿಷಯವಲ್ಲ

2025ರ ಫೆಬ್ರವರಿ 4ರಂದು ಎರೆಬ್ರೂ ಊರಿನ ರಿಸ್‌ಬೆರ್ಗ್‌ಸ್ಕಾ ವಯಸ್ಕರ ಶಾಲೆಯಲ್ಲಿ ಗುಂಡಿನ ದಾಳಿಗೆ 10 ಜನ ಬಲಿಯಾದರು. ಅದು ವಲಸೆ ಬಂದವರು ಸ್ವೀಡಿಷ್ ಕಲಿಯುವ ಎಸ್‌ಎಫ್‌ಐ ತರಗತಿಗಳೂ ಇದ್ದ ಶಾಲೆ. ನಮ್ಮಲ್ಲಿ ಹೊಸದಾಗಿ ಬಂದ ಎಷ್ಟೋ ಜನ ಅಂಥದ್ದೇ ತರಗತಿಗಳಲ್ಲಿ ಕೂತು ಕಲಿತವರು. ಆಮೇಲೆ ತರಗತಿಗೆ ಹೋಗಲು ಅಳುಕುತ್ತಿದೆ ಎಂದು ನನ್ನೊಡನೆ ಹೇಳಿಕೊಂಡವರಿದ್ದಾರೆ. ಯುದ್ಧ ಕಂಡವರ ಕಷ್ಟಕ್ಕೆ ನಮ್ಮ ವರ್ಕ್ ಪರ್ಮಿಟ್ ಚಿಂತೆಯನ್ನು ಹೋಲಿಸಲಾಗದು. ಆದರೂ ದಿನಾ ಊಟದ ಹೊತ್ತಿಗೆ ಅದೇ ಮಾತಾದರೆ ಮಕ್ಕಳ ಕಿವಿಗೆ ಬೀಳದೇ ಇರುತ್ತದೆಯೇ?

ನಾವು ಮಾಡಬಹುದಾದದ್ದು

ನಿಮ್ಮ ಮಗುವಿನ ಸಹಪಾಠಿ ಇಂಥವನಾದರೆ "ನಿಮ್ಮೂರಲ್ಲಿ ಏನಾಯ್ತು?" ಎಂದು ಕೆದಕಬೇಡಿ. ಅವನಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ. ಪ್ರತಿ ಶನಿವಾರ ಮೂರು ಗಂಟೆಗೆ ಆಟಕ್ಕೆ ಬಾ, ದೋಸೆ ತಿಂದು ಹೋಗು ಎನ್ನಿ. ನಾಳೆ ಏನಾಗುತ್ತದೋ ತಿಳಿಯದ ಮಗುವಿಗೆ ಶನಿವಾರ ಏನಾಗುತ್ತದೆ ಎಂದು ಖಚಿತವಾಗಿ ತಿಳಿದಿರುವುದೇ ದೊಡ್ಡ ಸಮಾಧಾನ. ಪಟಾಕಿ ಹಚ್ಚುವುದಿದ್ದರೆ ಅಕ್ಕಪಕ್ಕದ ಮನೆಗಳಿಗೆ ಮೊದಲೇ ತಿಳಿಸಿ. ಗುಂಡಿನ ಸದ್ದು ಕೇಳಿದ ಕಿವಿಗೆ ಪಟಾಕಿ ಹಬ್ಬವಲ್ಲ.

ನಿಮ್ಮ ಮಗುವೇ ಮಂಕಾಗಿದ್ದರೆ, ನಿದ್ದೆಗೆಟ್ಟರೆ, ಪದೇ ಪದೇ ಹೊಟ್ಟೆನೋವು ಎಂದರೆ, ಶಾಲೆಯ 'ಎಲೆವ್‌ಹೆಲ್ಸಾ' ವಿಭಾಗಕ್ಕೆ ಹೇಳಿ. 2010ರ ಶಾಲಾ ಕಾನೂನಿನ ಪ್ರಕಾರ ಅಲ್ಲಿ ವೈದ್ಯರು, ನರ್ಸ್, ಮನಶ್ಶಾಸ್ತ್ರಜ್ಞರು ಮತ್ತು ಕುರಾಟೋರ್ ಎಂಬ ಆಪ್ತಸಲಹೆಗಾರರ ನೆರವು ಸಿಗಲೇಬೇಕು. ಹದಿನೆಂಟರೊಳಗಿನ ಮಕ್ಕಳು ತಾವೇ ಬ್ರಿಸ್ ಸಂಸ್ಥೆಯ 116 111ಕ್ಕೆ ಫೋನ್ ಮಾಡಬಹುದು. ಆರೋಗ್ಯ ಸಲಹೆಗೆ 1177, ತುರ್ತು ಸ್ಥಿತಿಗೆ 112. "ನಾಲ್ಕು ಜನ ಏನೆಂದಾರು" ಎಂದು ಹಿಂಜರಿಯಬೇಡಿ. ಜ್ವರಕ್ಕೆ ವೈದ್ಯರ ಬಳಿ ಹೋಗಲು ನಾವು ನಾಚುತ್ತೇವೆಯೇ?

ಇನ್ನು ಆ ಹುಡುಗಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ: ಪಾಪ, ಅವನಿಗೆ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ ಪುಟ್ಟಿ. ಶಾಲೆಯಲ್ಲಿ ಕಣ್ಣು ಮುಚ್ಚುತ್ತಾನೆಂದರೆ, ಬಹುಶಃ ಅಲ್ಲಿ ಅವನಿಗೆ ಭಯವಿಲ್ಲ. ಅದಕ್ಕೇ ಟೀಚರ್ ಬೈಯುವುದಿಲ್ಲ.

ನಮ್ಮ ಮುಂದಿನ ಹಬ್ಬದ ಊಟಕ್ಕೆ ಮಕ್ಕಳು ಇಂಥ ಗೆಳೆಯರನ್ನೂ ಕರೆತರಲಿ. ಎಲೆಗಳು ಒಂದೆರಡು ಹೆಚ್ಚಿಗೆ ಹಾಕೋಣ.