ಟೈರ್ ಸೀಳುವುದು ಮುಳ್ಳಲ್ಲ, ಮೋಟು

ಸಕಲೇಶಪುರದ ಹೆತ್ತೂರು, ಯಸಳೂರು ಹೋಬಳಿಗಳಲ್ಲಾಗಲಿ, ಆಲೂರಿನ ಪಾಳ್ಯ, ಕುಂದೂರು ಕಡೆಯಲ್ಲಾಗಲಿ, ಭತ್ತ ಬೆಳೆಯುತ್ತಿದ್ದ ಎಷ್ಟೋ ಗದ್ದೆಗಳು ಬೀಳು ಬಿದ್ದಿವೆ. ನಾಟಿಗೆ ಆಳು ಸಿಗುವುದಿಲ್ಲ. ತೆನೆ ಬಲಿಯುವ ಹೊತ್ತಿಗೆ ಆನೆ ಬರುತ್ತದೆ. ಆನೆ ತಜ್ಞ ರಾಮನ್ ಸುಕುಮಾರ್ ನೇತೃತ್ವದ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟ ಮೇಲೆ ಈ ಸೀಮೆಯಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಕಾಟ ಮಾತ್ರ ನಿಲ್ಲಲಿಲ್ಲ. ನಾಲ್ಕಾರು ವರ್ಷ ನೇಗಿಲು ಕಾಣದ ಗದ್ದೆಯಲ್ಲಿ ಲಂಟಾನ ಹಬ್ಬುತ್ತದೆ, ಅದರ ಮೇಲೆ ಸೀಗೆ ಹತ್ತುತ್ತದೆ, ಅಂಚಿನಿಂದ ಬಿದಿರು ಮೆಳೆ ನುಗ್ಗುತ್ತದೆ. ಹಗಲು ನಿಲ್ಲಲು ಆನೆಗೂ ಅದೇ ಮರೆ.

ಈಗ ಅಂಥ ಜಾಗವನ್ನು ಶುಂಠಿಗೋ ಅಡಿಕೆಗೋ ಮತ್ತೆ ಹದ ಮಾಡಹೊರಟವರಿಗೆ ಮೊದಲ ತಡೆ ಟ್ರ್ಯಾಕ್ಟರ್ ಮಾಲೀಕರದ್ದು. ‘ಮುಳ್ಳಿನ ಜಾಗಕ್ಕೆ ಗಾಡಿ ಇಳಿಸಲ್ಲ’ ಎಂದುಬಿಡುತ್ತಾರೆ. ಅವರ ಹೆದರಿಕೆ ನ್ಯಾಯವೇ. ಆದರೆ ಬೆಟ್ಟು ಮಾಡಬೇಕಾದದ್ದು ಮುಳ್ಳನ್ನಲ್ಲ.

ಲಂಟಾನದ ಮುಳ್ಳು ಸಣ್ಣದು, ಕೊಕ್ಕೆಯಂತೆ ಬಾಗಿದ್ದು; ಕೈ ಗೀರುತ್ತದೆ, ಟ್ರ್ಯಾಕ್ಟರ್ ಟೈರಿನ ದಪ್ಪ ಗುಬ್ಬಿಗಳನ್ನು ದಾಟಿ ಟ್ಯೂಬ್ ಮುಟ್ಟುವುದಿಲ್ಲ. ಕಾರೆಯ ನೇರ ಮುಳ್ಳು, ಬಿದಿರಿನ ಒಣ ಮುಳ್ಳು ಅಪಾಯವೇ ಸರಿ, ಆದರೂ ಅವು ಮಾಡುವುದು ಪಂಕ್ಚರ್. ಟೈರನ್ನೇ ಮುಗಿಸುವುದು ಕತ್ತಿಯಲ್ಲಿ ಓರೆಯಾಗಿ ಕಡಿದುಬಿಟ್ಟ ಮೋಟು. ಆಳು ಬಗ್ಗಿ ಕತ್ತಿ ಬೀಸಿದಾಗ ನೆಲದಿಂದ ಗೇಣುದ್ದ ಉಳಿಯುವ ಆ ಬೊಡ್ಡೆ, ಎರಡು ತಿಂಗಳ ಬಿಸಿಲಿಗೆ ಒಣಗಿ ಭರ್ಜಿಯಾಗುತ್ತದೆ. ಅದು ಟೈರಿನ ನಡುವಿಗೆ ತಾಗುವುದು ಕಡಿಮೆ, ಪಕ್ಕಕ್ಕೆ ತಾಗುತ್ತದೆ. ಅಲ್ಲಿ ರಬ್ಬರು ತೆಳು. ಉಳುಮೆಗೆಂದು ಹಿಂದಿನ ಚಕ್ರಕ್ಕೆ ಗಾಳಿ ಕಡಿಮೆ, ಸುಮಾರು 12ರಿಂದ 15 ಪಿಎಸ್‌ಐ, ಇಟ್ಟಿರುವುದರಿಂದ ಪಕ್ಕ ಉಬ್ಬಿಕೊಂಡೇ ಇರುತ್ತದೆ. ಪಕ್ಕ ಸೀಳಿದರೆ ತೇಪೆ ನಿಲ್ಲುವುದು ಕಷ್ಟ. ಹಿಡಿತಕ್ಕೆಂದು ಟ್ಯೂಬಿಗೆ ಮುಕ್ಕಾಲು ಪಾಲು ನೀರು ತುಂಬಿಸಿದ್ದರಂತೂ ಚಕ್ರ ಬಿಚ್ಚುವುದೇ ಒಂದು ದಿನದ ರಾಮಾಯಣ. ಟ್ಯೂಬಿನೊಳಗೆ ಹಾಕುವ ಸೀಲೆಂಟ್ ದ್ರಾವಣ ಮುಳ್ಳಿನ ತೂತು ಮುಚ್ಚೀತು, ಮೋಟಿನ ಸೀಳನ್ನಲ್ಲ.

ಹಾಗಾಗಿ ಗಿಡ ಕಡಿಯುವುದಲ್ಲ, ಕೀಳುವುದು ಸರಿಯಾದ ದಾರಿ. ಲಂಟಾನ ನಿರ್ಮೂಲನೆಗೆ ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ತಂಡ ರೂಪಿಸಿದ ವಿಧಾನ ಇದಕ್ಕೆ ಹೇಳಿ ಮಾಡಿಸಿದ್ದು: ಬುಡದ ಮಣ್ಣು ಕೆದಕಿ, ನೆಲದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರು ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಒಣಗಲು ಬಿಡುವುದು. ಮೋಟೂ ಉಳಿಯದು, ಚಿಗುರೂ ಬಾರದು. ಬೆಂಕಿ ಇಟ್ಟರೆ ಮೇಲ್ಭಾಗ ಸುಟ್ಟು ಬುಡ ಇನ್ನೂ ಹುರುಪಿನಿಂದ ಚಿಗುರುತ್ತದೆ. ಪಕ್ಕದ ಕಾಫಿ ತೋಟಕ್ಕೆ ಕಿಡಿ ಹಾರಿದರೆ ನಷ್ಟ ಬೇರೆ.

ಯಾವಾಗ ಕೀಳಬೇಕು? ಮಳೆ ಮುಗಿದು ನೆಲ ಮೆತ್ತಗಿರುವ ನವೆಂಬರ್ ಚೆನ್ನ, ಆದರೆ ಅರೇಬಿಕಾ ಕೊಯ್ಲು ಶುರುವಾಗಿ ಆಳುಗಳೆಲ್ಲ ತೋಟದಲ್ಲಿರುತ್ತಾರೆ. ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದ ಮಾರನೆಯ ವಾರ ಇಲ್ಲಿಯ ಲೆಕ್ಕಕ್ಕೆ ಹೊಂದುತ್ತದೆ. ಕೊಯ್ಲು ಮುಗಿದಿರುತ್ತದೆ, ಮಣ್ಣೂ ಸಡಿಲ.

ಬಿದಿರಿನ ಬುಡಕ್ಕೆ ಕೈಕೆಲಸ ಸಾಲದು, ಜೆಸಿಬಿಯೇ ಬೇಕು. ಅದೂ ಸಮತಟ್ಟಾದ ಗದ್ದೆಯಲ್ಲಿ ಮಾತ್ರ. ಇಳಿಜಾರನ್ನು ಬೋಳು ಮಾಡಿ ಬೇರು ಕಿತ್ತರೆ ಮಳೆಗಾಲದಲ್ಲಿ ಮಣ್ಣೇ ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿ ಕುಸಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸರಪಳಿ ಕಟ್ಟಿ ಟ್ರ್ಯಾಕ್ಟರಿನಲ್ಲೇ ಬೊಡ್ಡೆ ಎಳೆಯುವವರೂ ಇದ್ದಾರೆ. ಸರಪಳಿ ಕೆಳಗಿನ ಡ್ರಾಬಾರಿಗೇ ಇರಬೇಕು. ಆಕ್ಸಲ್‌ಗಿಂತ ಮೇಲೆ ಕಟ್ಟಿ ಎಳೆದರೆ ಮೂತಿ ಎದ್ದು ಟ್ರ್ಯಾಕ್ಟರ್ ಚಾಲಕನ ಮೇಲೇ ಮಗುಚುತ್ತದೆ.

ಕಿತ್ತದ್ದನ್ನು ಬದುವಿಗೆ ಸಾಗಿಸಿದ ಮೇಲೆ, ಒಬ್ಬರು ಗುದ್ದಲಿ ಹಿಡಿದು ಸಾಲು ಸಾಲಾಗಿ ನಡೆದು ಉಳಿದ ಮೋಟು ಹುಡುಕಬೇಕು. ಮೊದಲ ಉಳುಮೆಗೆ ಕಬ್ಬಿಣದ ಚಕ್ರದ ಟಿಲ್ಲರ್ ಇಳಿಸುವುದು ಜಾಣತನ: ಗಾಳಿ ಇಲ್ಲದ ಚಕ್ರಕ್ಕೆ ಪಂಕ್ಚರ್ ಎಲ್ಲಿಯದು? ಟ್ರ್ಯಾಕ್ಟರ್ ಬರುವುದು ಆಮೇಲೆ. ಅದೂ ಕಿತ್ತ ಗಿಡದ ರಾಶಿ ಹತ್ತಿಸದೆ, ತೆರವಾದ ನೆಲದಲ್ಲೇ ಚಕ್ರ ಉರುಳುವಂತೆ.

ಹೊಲ ಹದವಾದರೂ ಕೆಲಸ ಬಾಕಿಯಿರುತ್ತದೆ. ಪಿಕಳಾರದಂಥ ಹಕ್ಕಿಗಳು ಲಂಟಾನದ ಹಣ್ಣು ತಿಂದು, ಮರದ ಮೇಲೆ ಕೂತು ಬೀಜ ಉದುರಿಸುತ್ತವೆ. ಇನ್ನೆರಡು ಮಳೆಗಾಲ ಮರಗಳ ಬುಡ ನೋಡಿ ಸಸಿಗಳನ್ನು ಕೈಯಲ್ಲೇ ಕೀಳಬೇಕು. ಮೆಳೆಗೆ ಕೈ ಹಾಕುವ ದಿನ ಬೆಳಿಗ್ಗೆ, ಒಳಗೆ ಆನೆ ಮಲಗಿಲ್ಲವೆಂದು ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರನ್ನು ಒಮ್ಮೆ ವಿಚಾರಿಸಿಕೊಂಡೇ ಹೊರಡಿ. ಬಾಡಿಗೆ ಯಂತ್ರ ಬೇಕಿದ್ದರೆ 2014–15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳನ್ನೂ ಕೇಳಬಹುದು.